ವಾಹನ ಪ್ರಕ್ಷಾಲನ ಮೀಮಾಂಸೆ

ಕಾರು ತೊಳೆಯುವುದು ಶಾಸ್ತ್ರವಲ್ಲ, ಭಾನುವಾರದ ಕೆಲಸ ಎನ್ನುವವರು ನಮ್ಮ ಪೂರ್ವಪಕ್ಷಿಗಳು. ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್, ತಿಂಡಿಗೆ ಮೊದಲು ಅರ್ಧ ಗಂಟೆ ಬಿಡುವು ಇದ್ದರಾಯಿತು, ಇದರಲ್ಲಿ ಮೀಮಾಂಸೆ ಮಾಡುವಂಥದ್ದೇನಿದೆ ಎಂಬುದು ಇವರ ವಾದ. ಇವರಿಗೆ ಉತ್ತರ ಕೊಡಲು ಗ್ರಂಥ ಬಿಚ್ಚಬೇಕಾಗಿಲ್ಲ. ಇವರದೇ ಕಾರನ್ನು ಇಳಿಬಿಸಿಲಿಗೆ ತಂದು ನಿಲ್ಲಿಸಿದರೆ ಸಾಕು. ಕಪ್ಪು ಅಥವಾ ಕಡುನೀಲಿ ಕಾರಾದರೆ ಪ್ರಮಾಣ ಇನ್ನೂ ಗಟ್ಟಿ. ಬಾನೆಟ್ ಮೇಲೆ ಸೂರ್ಯ ಎಲ್ಲಿ ಹೊಳೆಯುತ್ತಾನೋ ಅಲ್ಲಿ ಅವನ ಸುತ್ತ ಒಂದರೊಳಗೊಂದು ಸುತ್ತುಸುತ್ತಾಗಿ ನೂರಾರು ಸಣ್ಣ ಗೀರು ಕಾಣುತ್ತವೆ. ನೀವು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸುತ್ತುಗಳೂ ನಿಮ್ಮ ಜೊತೆಗೇ ಸರಿಯುತ್ತವೆ.

ಇಲ್ಲಿ ಸ್ವಲ್ಪ ವೇದಾಂತ ಬೇಕಾಗುತ್ತದೆ. ಗೀರುಗಳು ನಿಜಕ್ಕೂ ಸುತ್ತಾಗಿಲ್ಲ. ಅವು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗಿ ಕಣ್ಣಿಗೆ ಬೀಳುವುದರಿಂದ, ದೀಪವನ್ನು ನಡುವೆ ಇಟ್ಟು ಬಳೆ ಬರೆದಂತೆ ತೋರುತ್ತದೆ. ವೃತ್ತ ಮಿಥ್ಯೆ, ಗೀರು ಮಾತ್ರ ಸತ್ಯ. ಆ ಗೀರನ್ನು ಎಳೆದದ್ದು ರಸ್ತೆಯಲ್ಲ, ಲಾರಿಯಲ್ಲ, ಪಕ್ಕದ ಮನೆಯ ಬೆಕ್ಕೂ ಅಲ್ಲ, ಮಾಲೀಕನ ಸ್ವಹಸ್ತ. ಆದ್ದರಿಂದ ಪ್ರಥಮ ಸಿದ್ಧಾಂತ: ಬಣ್ಣ ಕೆಡುವುದು ಓಡಿಸುವುದರಿಂದ ಕಡಿಮೆ, ಒರೆಸುವುದರಿಂದ ಹೆಚ್ಚು.

ಇದಕ್ಕೆ ಆಧಾರ ಬಣ್ಣದ ರಚನೆಯಲ್ಲೇ ಇದೆ. ಈಗಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತವೆ. ಎಲ್ಲ ಸೇರಿ ಹೆಚ್ಚುಕಡಿಮೆ 100ರಿಂದ 150 ಮೈಕ್ರಾನ್. ಹೊಳಪೆಲ್ಲ ಇರುವ ಕ್ಲಿಯರ್ ಕೋಟ್‌ನ ಪಾಲು 40-50 ಮೈಕ್ರಾನ್, ಅಂದರೆ ಸಾಧಾರಣ ತಲೆಗೂದಲಿಗಿಂತ ತೆಳು. ನಮ್ಮ ರಸ್ತೆಯ ಧೂಳಿನಲ್ಲಿ ಇರುವುದೋ ಬೆಣಚುಕಲ್ಲಿನ ಪುಡಿ, ಬಣ್ಣಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಈ ಪುಡಿಯನ್ನು ಬಟ್ಟೆಯಲ್ಲಿ ಹಿಡಿದು ಆ ಪದರದ ಮೇಲೆ ತಿಕ್ಕುವುದನ್ನೇ ಲೋಕ ‘ಕಾರು ಕ್ಲೀನ್ ಮಾಡುವುದು’ ಎನ್ನುತ್ತದೆ.

ಕೊಳೆ ಪ್ರಕರಣ

ಕಾರಿನ ಮೇಲಿನ ಕೊಳೆ ನಾಲ್ಕು ವಿಧ: ಕೂತದ್ದು, ಅಂಟಿದ್ದು, ಕಚ್ಚಿದ್ದು, ಹಚ್ಚಿದ್ದು.

ಕೂತದ್ದೆಂದರೆ ಧೂಳು. ಊರೂರಿಗೆ ಇದರ ಬಣ್ಣ ಬೇರೆ, ಗುಣ ಒಂದೇ. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು. ಸೇಡಂ, ವಾಡಿ ಕಡೆ ಸಿಮೆಂಟಿನ ಬೂದಿ. ಮಲೆನಾಡಿನಲ್ಲಿ ಚಕ್ರದ ಕಮಾನಿನೊಳಗೆ ಮೆತ್ತಿದ ಕೆಮ್ಮಣ್ಣು. ಬೆಂಗಳೂರಿನಲ್ಲಿ ಯಾವುದೋ ರಸ್ತೆ ಅಗೆತದ, ಯಾವುದೋ ಮೆಟ್ರೋ ಕಂಬದ ಸಮ್ಮಿಶ್ರ ಸರ್ಕಾರ. ಇದು ನೀರು ಬಿದ್ದರೆ ತಾನಾಗಿ ಇಳಿಯುವ ಸಾಧು ಕೊಳೆ. ಒಣಗಿದ್ದಾಗ ಕೈ ಹಾಕಿದರೆ ಮಾತ್ರ ಉಗ್ರ.

ಅಂಟಿದ್ದರಲ್ಲಿ ಮೊದಲನೆಯದು ಹಕ್ಕಿಯ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ, ಅದೇ ಹೊತ್ತಿಗೆ ಹಿಕ್ಕೆ ಒಣಗಿ ಕುಗ್ಗಿ ಎಳೆಯುತ್ತದೆ, ಆಮ್ಲ ಆ ಜಾಗವನ್ನು ತಿನ್ನುತ್ತದೆ. ಬೆಳಿಗ್ಗೆ ಬಿದ್ದದ್ದನ್ನು ಸಂಜೆವರೆಗೆ ಬಿಟ್ಟರೆ, ತೊಳೆದ ಮೇಲೂ ಅದರ ನಕ್ಷೆ ಉಳಿದಿರುತ್ತದೆ. ನೇರಳೆಹಣ್ಣಿನ ಕಾಲದಲ್ಲಿ ಬಾವಲಿಗಳೂ ಈ ಸೇವೆಗೆ ಸೇರಿಕೊಳ್ಳುತ್ತವೆ, ಅವುಗಳದ್ದು ನೇರಳೆ ಬಣ್ಣದಲ್ಲೇ ಇರುತ್ತದೆ. ಎರಡಕ್ಕೂ ಪ್ರಾಯಶ್ಚಿತ್ತ ಒಂದೇ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಮೇಲಕ್ಕೆ ಎತ್ತಿ ತೆಗೆಯುವುದು. ಉಗುರಿನಿಂದ ಕೆರೆಯುವುದು ಮಹಾಪಾತಕ.

ಎರಡನೆಯದು ಮರದ ಕೆಳಗಿನ ಅಂಟು. ನೆರಳೆಂದು ಹುಡುಕಿ ನಿಲ್ಲಿಸಿದ ಕಾರು ಸಂಜೆಗೆ ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದ ಸ್ಥಿತಿಯಲ್ಲಿರುತ್ತದೆ, ನಾವು ಮರವನ್ನು ಬೈಯುತ್ತೇವೆ. ಆ ಅಂಟಿನಲ್ಲಿ ಎಷ್ಟೋ ಪಾಲು ಮರದ್ದೇ ಅಲ್ಲ, ಎಲೆರಸ ಹೀರುವ ಪುಟ್ಟ ಕೀಟಗಳು ಹೊರಹಾಕುವ ಸಿಹಿನೀರು. ಇರುವೆ ಬರುವುದೂ, ಆಮೇಲೆ ಕಪ್ಪು ಬೂಷ್ಟು ಹಿಡಿಯುವುದೂ ಅದಕ್ಕೇ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಇದು ಜಗ್ಗುತ್ತದೆ. ಮೂರನೆಯದು ಹುಳು. ಮಳೆಗಾಲದ ರಾತ್ರಿ ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗಿ ನೋಡಿ, ಬಂಪರ್ ಮೇಲೆ ಒಂದು ಜೀವಶಾಸ್ತ್ರ ವಿಭಾಗವೇ ಸಿಗುತ್ತದೆ. ಹೊಸ ಡಾಂಬರಿನ ಕಪ್ಪು ಚುಕ್ಕೆಯೂ ಈ ವರ್ಗದ್ದೇ. ಅದಕ್ಕೆ ಬಟ್ಟೆ ತುದಿಗೆ ಎರಡು ಹನಿ ಸೀಮೆಎಣ್ಣೆ ಮುಟ್ಟಿಸಿ ಒರೆಸಿ, ಕೂಡಲೇ ಸೋಪುನೀರಿನಿಂದ ತೊಳೆಯಬೇಕು. ರಬ್ಬರಿಗೆ ತಾಗಿಸಕೂಡದು.

ಕಚ್ಚಿದ್ದು ಕಣ್ಣಿಗೆ ಕಾಣದು. ಇದನ್ನು ಪತ್ತೆಮಾಡುವ ಕ್ರಮ ಬಹಳ ಚೆಂದ. ತೊಳೆದು ಒರೆಸಿದ ಬಾನೆಟ್ ಮೇಲೆ ಬರಿಗೈ ಸವರಿದರೆ ನುಣ್ಣಗೆ ಅನಿಸುತ್ತದೆ. ಅದೇ ಕೈಯನ್ನು ತೆಳು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ, ಭಾರ ಬಿಡದೆ ಬೆರಳ ತುದಿಯಲ್ಲಿ ಮತ್ತೆ ಸವರಿ. ಸರಸರ ಅನ್ನುತ್ತದೆ. ಬರಿಗೈಗೆ ಗೊತ್ತಾಗದ ಉಬ್ಬುಗಳೆಲ್ಲ ಕವರು ತೊಟ್ಟ ಬೆರಳಿಗೆ ಗೊತ್ತಾಗುತ್ತವೆ. ಬ್ರೇಕ್ ಸವೆದು ಹಾರಿದ ಕಬ್ಬಿಣದ ಕಣ ಬಣ್ಣದಲ್ಲಿ ನೆಟ್ಟುಕೊಂಡು ಅಲ್ಲೇ ತುಕ್ಕು ಹಿಡಿಯುತ್ತಿರುತ್ತದೆ. ಇದಕ್ಕೆಂದೇ ಮಾರುವ ದ್ರಾವಣ ಸಿಂಪಡಿಸಿದರೆ ಕಬ್ಬಿಣ ಇದ್ದಲ್ಲೆಲ್ಲ ನೇರಳೆ ಬಣ್ಣದ ನೀರು ಇಳಿಯುತ್ತದೆ. ಬಿಳಿ ಕಾರಿನವರು ಮೊದಲ ಸಲ ನೋಡಿದಾಗ ಎದೆ ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೂ ಹೋಗದ್ದನ್ನು ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆಯಿಂದ, ಸೋಪುನೀರಿನ ಜಾರಿಕೆಯ ಮೇಲೆ ಮೃದುವಾಗಿ ಆಡಿಸಿ ಎತ್ತಬೇಕು. ಮುದ್ದೆ ನೆಲಕ್ಕೆ ಬಿದ್ದರೆ ಎಸೆಯಬೇಕು, ತೊಳೆದು ಬಳಸುವ ಜಾಣತನ ಇಲ್ಲಿ ನಡೆಯುವುದಿಲ್ಲ.

ಹಚ್ಚಿದ್ದು ನಾಲ್ಕನೆಯದು, ಶಾಸ್ತ್ರಕಾರನಿಗೆ ಅತ್ಯಂತ ಇಕ್ಕಟ್ಟಿನದು. ಆಯುಧಪೂಜೆಯ ದಿನ ಮನೆಯವರೇ ಪ್ರೀತಿಯಿಂದ ಹಚ್ಚುವ ವಿಭೂತಿ, ಗಂಧ, ಅರಿಶಿನ, ಕುಂಕುಮ ಕೊಳೆಯೋ ಅಲ್ಲವೋ? ಕೊಳೆ ಎಂದರೆ ಮನೆಯಲ್ಲಿ ಊಟ ಇಲ್ಲ, ಅಲ್ಲ ಎಂದರೆ ಬಾನೆಟ್ ಇಲ್ಲ. “ಅಳಿಯಂದ್ರೇ, ವಿಜಯದಶಮಿ ಕಳೆಯೋವರೆಗೂ ಅದನ್ನ ಮುಟ್ಟಬೇಡಿ” ಎಂಬ ಅತ್ತೆಯವರ ಮಾತಿಗೆ ಮೇಲ್ಮನವಿ ಇರುವ ನ್ಯಾಯಾಲಯ ಯಾವುದೂ ಇಲ್ಲ. ಹಾಗಾಗಿ ಕಾಯಬೇಕು, ಕಾಯುವುದರಿಂದ ಅರಿಶಿನದ ಮಟ್ಟಿಗೆ ನಷ್ಟವೂ ಇಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಅವಸರಪಟ್ಟು ಬಟ್ಟೆ ಸೋಪಿನ ಪುಡಿ ಕಲಸಿ ಉಜ್ಜಿದವರು ಹಳದಿ ಹೋಗಿ ಕೆಂಪಾದದ್ದು ಕಂಡು ಕಂಗಾಲಾಗುತ್ತಾರೆ. ಅರಿಶಿನಕ್ಕೆ ಸುಣ್ಣ ಬೆರೆಸಿದ ಆರತಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ, ಸೋಪಿನ ಪುಡಿಯೂ ಸುಣ್ಣದ ಹಾಗೆ ಕ್ಷಾರ. ಒಣಗಿದ ವಿಭೂತಿಯನ್ನು ಮಾತ್ರ ಒಣಬಟ್ಟೆಯಲ್ಲಿ ಒರೆಸಬೇಡಿ. ಬೂದಿ ಪಾತ್ರೆ ಉಜ್ಜುವ ವಸ್ತು ಎಂಬುದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು. ಮೊದಲು ನೀರು ಹಾಯಿಸಿ ಇಳಿಸಬೇಕು. ಹಾರಕ್ಕೆ ಅಂಟಿಸಿದ ಟೇಪಿನ ಗುರುತು, ಗ್ರಿಲ್ಲಿಗೆ ಕಟ್ಟಿದ ಬಾಳೆಕಂದಿನ ರಸ, ಒಡೆದ ಬೂದುಗುಂಬಳದ ಸಿಡಿತ ಮುಂತಾದುವನ್ನು ವಿಸ್ತಾರಭಯದಿಂದ ಬಿಟ್ಟಿದ್ದೇನೆ.

ಕರ್ತೃ ಪ್ರಕರಣ

ತೊಳೆಯುವವರಲ್ಲಿ ಪಂಥಗಳು ಬಹಳ. ಝಾಡಿಸುವ ಪಂಥದವರು ನೀರನ್ನೇ ಮುಟ್ಟುವುದಿಲ್ಲ. ಡಿಕ್ಕಿಯಲ್ಲಿ ಸದಾ ಒಂದು ಕುಚ್ಚಿನ ಬ್ರಷ್ ಇಟ್ಟುಕೊಂಡು, ಹೊರಡುವ ಮುನ್ನ ಎರಡೂ ಕಡೆ ಬೀಸಿ ಹೊರಡುತ್ತಾರೆ. ಒಣಧೂಳನ್ನು ಒಣಗಿದ್ದಂತೆಯೇ ಎಳೆದಾಡುವ ಇವರ ಕಾರಿನಲ್ಲಿ ಸುತ್ತುಗೀರುಗಳ ಸಂಗ್ರಹ ಅಪೂರ್ವವಾಗಿರುತ್ತದೆ.

ಬನಿಯನ್ ಪಂಥದವರಿಗೆ ಪರಂಪರೆಯ ಬಲವಿದೆ. “ನಮ್ಮಪ್ಪ ಅಂಬಾಸಿಡರ್‌ನ ಇಪ್ಪತ್ತು ವರ್ಷ ಬನಿಯನ್‌ನಲ್ಲೇ ಒರೆಸಿದ್ರು, ಏನಾಗಿತ್ತು?” ಎನ್ನುತ್ತಾರೆ. ಏನಾಗಿತ್ತೆಂದರೆ, ಆ ಕಾಲದ ಕಾರುಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ, ಬಣ್ಣವೇ ಕೊನೆಯ ಪದರ. ಪಾಲಿಶ್ ಹಾಕಿ ಉಜ್ಜಿದಾಗ ಬನಿಯನ್‌ಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಸತ್ತ ಮೇಲ್ಪದರ ಹೋಗಿ ಒಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು, ಅಪ್ಪನಿಗೆ ಅದು ಹೊಳಪಾಗಿ ಕಾಣುತ್ತಿತ್ತು. ಇಂದಿನ ಕಾರಿನಲ್ಲಿ ಹಾಗೆ ತೆಗೆದು ತೋರಿಸಲು ಒಳಗೆ ಹೊಳಪಿನ ದಾಸ್ತಾನು ಇಲ್ಲ. ಅದೂ ಅಲ್ಲದೆ ಬನಿಯನ್ನಿನ ಅಂಚಿನ ಹೊಲಿಗೆಯನ್ನು ಯಾರೂ ಕತ್ತರಿಸಿ ತೆಗೆಯುವುದಿಲ್ಲ.

ಶಾಂಪೂ ಪಂಥದಲ್ಲಿ ಮೂರು ಶಾಖೆ: ತಲೆಗೆ ಹಾಕುವ ಸ್ಯಾಷೆ, ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಪುಡಿ. ಮೊದಲಿನವರಿಂದ ಹೇಳಿಕೊಳ್ಳುವಂಥ ಹಾನಿ ಇಲ್ಲ. ಪಾತ್ರೆಯ ದ್ರವ ಜಿಡ್ಡು ತೆಗೆಯಲೆಂದೇ ಹುಟ್ಟಿದ್ದು, ಹಿಂದಿನ ವಾರ ಹಚ್ಚಿದ ಮೇಣವನ್ನೂ ಜಿಡ್ಡೆಂದೇ ತಿಳಿದು ತೆಗೆಯುತ್ತದೆ. ಹೊಸ ಮೇಣ ಹಚ್ಚುವ ಮುನ್ನ ಒಮ್ಮೆ ಇದನ್ನು ಬೇಕೆಂದೇ ಬಳಸುವವರಿದ್ದಾರೆ, ವಾರವಾರ ಬಳಸುವುದು ತರವಲ್ಲ. ಬಟ್ಟೆಯ ಪುಡಿ ಮಾತ್ರ ಸರ್ವಥಾ ವರ್ಜ್ಯ. ಒಂದು ಮುಚ್ಚಳ ಕಾರ್ ಶಾಂಪೂವಿನ ಬೆಲೆ ಒಂದು ಕಾಫಿಗಿಂತ ಕಡಿಮೆ ಎಂದರೂ ಇವರು ಕೇಳುವುದಿಲ್ಲ.

ಅಪಾರ್ಟ್‌ಮೆಂಟುಗಳಲ್ಲಿ ನಸುಕಿನಲ್ಲೇ ಬಂದು ಸಾಲು ಕಾರು ಒರೆಸಿ ಹೋಗುವವರನ್ನು ಯಾವ ಪಂಥಕ್ಕೆ ಸೇರಿಸುವುದು? ಒಂದೇ ಬಕೆಟ್, ಒಂದೇ ಬಟ್ಟೆ. ಮೊದಲ ಕಾರಿನ ಮರಳು ಕೊನೆಯ ಕಾರಿಗೂ ಹಂಚಿಕೆಯಾಗುತ್ತದೆ. ಗೀರಿನ ದೃಷ್ಟಿಯಿಂದ ಇದು ದೊಡ್ಡ ಕಾರ್ಖಾನೆಯೇ ಸರಿ. ಆದರೆ ದೋಷ ಅವರದ್ದಲ್ಲ. ಕೊಡುವ ತಿಂಗಳ ದುಡ್ಡಿಗೆ ಅಷ್ಟು ಕಾರು ಮುಗಿಸಿದರೇ ಅವರ ಮನೆ ನಡೆಯುವುದು, ಆಫೀಸಿಗೆ ಹೊರಡುವ ಹೊತ್ತಿಗೆ ಕಾರು ದಿನಾ ಹೊಳೆಯಬೇಕು ಎಂದು ಹಟ ಹಿಡಿದವರು ನಾವು. ಅದೇ ದುಡ್ಡು ಕೊಟ್ಟು, ವಾರಕ್ಕೆ ಎರಡೇ ಸಲ, ಎರಡು ಬಕೆಟ್‌ನಲ್ಲಿ ಮಾಡಿ ಎಂದು ಹೇಳಿದರೆ ಕಾರಿಗೂ ಒಳ್ಳೆಯದು, ಅವರ ಸೊಂಟಕ್ಕೂ ಒಳ್ಳೆಯದು.

ಉಳಿದದ್ದು ಪೈಪ್ ಪಂಥ. ಇದನ್ನು ನೀರಿನ ಜೊತೆಯಲ್ಲೇ ವಿಚಾರಿಸಬೇಕು.

ಜಲ ಪ್ರಕರಣ

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಕಾಮನಬಿಲ್ಲು ಸೃಷ್ಟಿಸುತ್ತಾ ನಿಲ್ಲುವುದು ಕಾರು ಮಾಲೀಕನ ಪರಮಸುಖಗಳಲ್ಲಿ ಒಂದು. ಸಾಮಾನ್ಯ ಪೈಪಿನಲ್ಲಿ ನಿಮಿಷಕ್ಕೆ ಹತ್ತು-ಹದಿನೈದು ಲೀಟರ್ ನೀರು ಬರುತ್ತದೆ, ಸುಖ ಕಾಲು ಗಂಟೆ ಮುಂದುವರಿದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬಂದ ಕಾವೇರಿ. ಅಷ್ಟು ಪ್ರಯಾಸಪಟ್ಟು ಬಂದವಳನ್ನು ಮಡ್‌ಫ್ಲಾಪ್ ತೊಳೆಯಲು ಹಚ್ಚುವುದು ಶಾಸ್ತ್ರಕ್ಕೆ ಮಾತ್ರವಲ್ಲ, 2024ರ ಮಾರ್ಚ್‌ನಿಂದ ಜಲಮಂಡಳಿಗೂ ವಿರುದ್ಧವಾಯಿತು. ಆ ಬರದ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿಗೆ 5,000 ರೂಪಾಯಿ ದಂಡ ಎಂದು ಆದೇಶ ಹೊರಟಿತು. ದಂಡ ಕಟ್ಟಿದ ಮನೆಗಳೂ ಇವೆ.

ಕೊಳವೆಬಾವಿಯ ನೀರು ಕಾನೂನಿಗೆ ಒಗ್ಗಿದರೂ ಬಣ್ಣಕ್ಕೆ ಒಗ್ಗದು. ಅದರಲ್ಲಿ ಕರಗಿದ ಸುಣ್ಣದಂಶ ಹನಿ ಆರಿದಲ್ಲಿ ಬಿಳಿ ಉಂಗುರವಾಗಿ ಉಳಿಯುತ್ತದೆ. ಟ್ಯಾಂಕರ್ ನೀರು ಲಾರಿ ಹತ್ತಿದ ಕೊಳವೆಬಾವಿ, ಅಷ್ಟೇ ವ್ಯತ್ಯಾಸ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್‌ನಲ್ಲಿ ಕೂಡಿಟ್ಟು ಕಾರಿಗೆ ಬಳಸುವ ಮಿತವ್ಯಯಿಗಳಿಗೆ ನಮಸ್ಕಾರ. ಆದರೆ ಯಂತ್ರ ಬೇಡವೆಂದು ತಳ್ಳಿದ ಲವಣವೆಲ್ಲ ಇರುವುದು ಆ ನೀರಿನಲ್ಲೇ. ಅದು ಟೈರಿಗೆ, ಚಕ್ರದ ಕಮಾನಿಗೆ ಸರಿ, ಬಾನೆಟ್‌ಗೆ ಬೇಡ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ. ಗಾಳಿಯ ತೇವ ತಣಿದು ಬಂದದ್ದಾದ್ದರಿಂದ ಲವಣ ಇಲ್ಲವೆನ್ನುವಷ್ಟು ಕಡಿಮೆ, ಕೊನೆಯ ಜಾಲಿಸುವಿಕೆಗೆ ಅದೇ ಗಂಗೋದಕ. ಮಳೆನೀರು ಎಲ್ಲಕ್ಕಿಂತ ಶ್ರೇಷ್ಠ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾದದ್ದು 2009ರಲ್ಲಿ. ಆ ತೊಟ್ಟಿ ನಿಜವಾಗಿ ತುಂಬುವ ಮನೆಯವರು ಪುಣ್ಯವಂತರು.

ಇದ್ಯಾವುದೂ ಇಲ್ಲದವರಿಗೆ ಜಾಲಿಸಬೇಕಾಗಿಲ್ಲದ ಶಾಂಪೂ ಎಂಬ ಹೊಸ ಮತ ಬಂದಿದೆ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ, ನೆನೆದ ಬಟ್ಟೆಯಲ್ಲಿ ಒಂದೊಂದೇ ಭಾಗ ಒರೆಸಿ, ಒಣಬಟ್ಟೆಯಲ್ಲಿ ತೇವ ಎತ್ತುವುದು. ಬಟ್ಟೆಯ ಮಗ್ಗುಲು ಮಾತ್ರ ಪ್ರತಿ ಸಲ ಬದಲಾಗಬೇಕು. ಕೆಸರು ಮೆತ್ತಿದ ಕಾರಿಗೆ ಇದು ಸಲ್ಲದು, ಬರೀ ಧೂಳಿಗೆ ಧಾರಾಳ ಸಾಕು. ನನ್ನ ಓಟು ಇದಕ್ಕೇ.

ಪ್ರಯೋಗ ಪ್ರಕರಣ

ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿದ್ದರೆ ಮಾತ್ರ ಶುರುಮಾಡಿ. ಬಿಸಿ ತಗಡಿನ ಮೇಲೆ ಸೋಪು ನಿಮಗಿಂತ ಮೊದಲೇ ಒಣಗುತ್ತದೆ. ಚಕ್ರ ಮೊದಲು, ಅದಕ್ಕೆ ಬೇರೆಯೇ ಬಟ್ಟೆ. ಆಮೇಲೆ ಮೇಲಿನಿಂದ ಕೆಳಕ್ಕೆ ನೀರು ಹಾಯಿಸಿ ಕೂತದ್ದನ್ನೆಲ್ಲ ಮುಟ್ಟದೆ ಕಳಿಸಿ.

ಬಕೆಟ್ ಎರಡು. ಒಂದರಲ್ಲಿ ಸೋಪುನೀರು, ಇನ್ನೊಂದರಲ್ಲಿ ಬರೀ ನೀರು. ಸೋಪಿನಲ್ಲಿ ಅದ್ದಿದ ಕೈಗವಸನ್ನು ಟಾಪಿನ ಅರ್ಧಕ್ಕೆ ಎಳೆದು, ಮತ್ತೆ ಸೋಪಿಗೆ ಹೋಗುವ ಮುನ್ನ ಬರೀ ನೀರಿನಲ್ಲಿ ಜಾಲಿಸಬೇಕು. ಬಿಳಿ ಕಾರೆಂದು, ಶುಭ್ರವಾಗಿ ಕಂಡಿತೆಂದು ಈ ಹೆಜ್ಜೆ ಹಾರಿಸುವವರು ಕೊನೆಯಲ್ಲಿ ಎರಡನೇ ಬಕೆಟ್‌ನ ನೀರನ್ನು ಒಂದು ನಿಮಿಷ ಕದಲದಂತೆ ಬಿಟ್ಟು ಬಗ್ಗಿ ನೋಡಲಿ. ಮೇಲಿನ ನೀರು ತಿಳಿಯಾಗುತ್ತಾ ಬಂದಂತೆ ತಳದಲ್ಲಿ ಕಂದು ಪದರವೊಂದು ಕೂರುತ್ತದೆ. ನೀರು ಚೆಲ್ಲಿ ಬೆರಳಲ್ಲಿ ಉಜ್ಜಿದರೆ ಗರಗರ ಎನ್ನುತ್ತದೆ. ಒಂದೇ ಬಕೆಟ್‌ನವರ ಮನೆಯಲ್ಲಿ ಆ ಗರಗರ ಕಾರಿನ ಮೇಲೆ ಹೋಗಿರುತ್ತದೆ.

ಕೈ ನೇರ ಗೆರೆಯಲ್ಲಿ ಓಡಬೇಕು, ಗುಂಡಗೆ ತಿರುವಬಾರದು. ಟಾಪು, ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗರ್ಧ. ಬಾಗಿಲ ಕೆಳಭಾಗದ ಕೊಳೆ ಚಕ್ರ ಎರಚಿದ್ದಾದ್ದರಿಂದ ಅತ್ಯಂತ ಒರಟು. ಮುಂಗಾಜಿನ ಬುಡದಲ್ಲಿ ಎಲೆ ಕೂರುವ ಸಂದಿಯನ್ನು ಬೆರಳು ಹಾಕಿ ಖಾಲಿ ಮಾಡಿ. ಅದು ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಕಾಲಬುಡಕ್ಕೆ ಬರುತ್ತದೆ. ಒರೆಸುವುದಕ್ಕೆ ದೊಡ್ಡ ಮೈಕ್ರೋಫೈಬರ್ ಟವೆಲನ್ನು ಬಾನೆಟ್ ಮೇಲೆ ಹಾಸಿ ಎರಡು ಮೂಲೆ ಹಿಡಿದು ತನ್ನಷ್ಟಕ್ಕೆ ಎಳೆಯುವುದು. ಉಜ್ಜುವ ಆಸೆ ಬಂದರೆ ಗಾಜು ಉಜ್ಜಿ, ಹಳೇ ಪೇಪರಿನಲ್ಲಿ ಉಜ್ಜಿದರೂ ಅದು ಸಹಿಸುತ್ತದೆ.

ಮೇಣ ಪ್ರಕರಣ

ಪಾಲಿಶ್ ಮತ್ತು ಮೇಣ ಒಂದೇ ಎಂಬುದು ಅವಿದ್ಯೆ. ಪಾಲಿಶ್ ತೆಗೆಯುತ್ತದೆ, ಮೇಣ ಸೇರಿಸುತ್ತದೆ. ಪಾಲಿಶ್‌ನಲ್ಲಿ ಅತಿ ನುಣುಪಾದ ಉಜ್ಜುಪುಡಿ ಇದ್ದು, ಕ್ಲಿಯರ್ ಕೋಟನ್ನು ಗೀರಿನ ಆಳದವರೆಗೆ ಸವೆಸಿ ಮಟ್ಟ ಮಾಡುತ್ತದೆ. ಇರುವ 40-50 ಮೈಕ್ರಾನ್‌ನಲ್ಲಿ ಅದು ಖರ್ಚು, ಆದ್ದರಿಂದ ಅಪರೂಪಕ್ಕೆ ಸಾಕು. ಮೇಣ ಗೀರನ್ನು ಹೋಗಲಾಡಿಸುವುದಿಲ್ಲ, ತುಂಬಿ ಸ್ವಲ್ಪ ಕಾಲ ಮರೆಮಾಡುತ್ತದೆ. ಅದರ ನಿಜವಾದ ಕಸುಬು ಬಣ್ಣದ ಬದಲು ತಾನು ಸವೆಯುವುದು. ಸೆರಾಮಿಕ್ ಕೋಟಿಂಗ್ ಎಂಬ ತೃತೀಯ ಮಾರ್ಗ ಸಿಲಿಕಾ ಆಧಾರದ್ದು, ವರ್ಷಗಟ್ಟಲೆ ಬಾಳುತ್ತದೆ. ಆದರೆ ಗೀರು ತೆಗೆಯದೆ ಹಾಕಿದರೆ ಗೀರನ್ನೂ ಒಳಗಿಟ್ಟು ಬೀಗ ಹಾಕುತ್ತದೆ.

ಮೇಣಗಳಲ್ಲಿ ಹೆಸರುವಾಸಿ ಕಾರ್ನೌಬಾ. ಬ್ರೆಜಿಲ್‌ನ ಈಶಾನ್ಯದ ಒಣನಾಡಿನಲ್ಲಿ ಬೆಳೆಯುವ ಒಂದು ತಾಳೆಜಾತಿಯ ಮರ, ತನ್ನ ಎಲೆಯ ತೇವ ಆರದಂತೆ ಮೇಲೆ ಮೇಣ ಕಟ್ಟಿಕೊಳ್ಳುತ್ತದೆ. ಎಲೆ ಒಣಗಿಸಿ ಬಡಿದರೆ ಅದು ಉದುರುತ್ತದೆ. ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕಾದ್ದರಿಂದ ರಾಯಚೂರಿನ ಮೇ ತಿಂಗಳಿಗೂ ಇದು ಸೋಲುವುದಿಲ್ಲ. ಶುದ್ಧರೂಪದಲ್ಲಿ ಕಲ್ಲಿನಷ್ಟು ಗಟ್ಟಿ. ಡಬ್ಬಿಯಲ್ಲಿ ಮೆತ್ತಗಿರುವುದು ಎಣ್ಣೆ, ದ್ರಾವಕಗಳ ಸಹವಾಸದಿಂದ. ಆದ್ದರಿಂದ ‘ನೂರಕ್ಕೆ ನೂರು ಕಾರ್ನೌಬಾ’ ಎಂದು ಬರೆದ ಡಬ್ಬಿಯಲ್ಲಿ ಬೆರಳು ಇಳಿದರೆ ಬರಹವನ್ನು ನಂಬಬೇಡಿ. ಇದೇ ಮೇಣ ಮಿಠಾಯಿ, ಮಾತ್ರೆಗಳ ಮೇಲೂ ಹೊಳೆಯುತ್ತಿರುತ್ತದೆ, ನೀವು ಈಗಾಗಲೇ ತಿಂದಿರುತ್ತೀರಿ.

ಹಚ್ಚುವ ಪ್ರಮಾಣದಲ್ಲೇ ಎಲ್ಲರೂ ಎಡವುವುದು. ಹೆಚ್ಚು ಮೆತ್ತಿದರೆ ಹೆಚ್ಚು ಹೊಳಪು ಎಂಬ ಆಸೆ. ದೋಸೆ ಕಾವಲಿಗೆ ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರಿದಷ್ಟೇ ಇರಬೇಕು, ಇದೆಯೋ ಇಲ್ಲವೋ ಎಂಬ ಅನುಮಾನ ಬರಬೇಕು. ಒಮ್ಮೆಗೆ ಒಂದು ಭಾಗ. ಐದು-ಹತ್ತು ನಿಮಿಷಕ್ಕೆ ಮಬ್ಬು ಕಟ್ಟುತ್ತದೆ, ಬೆರಳು ಎಳೆದ ಜಾಗ ಸ್ವಚ್ಛವಾಗಿ ಹೊಳೆದರೆ ಒರೆಸುವ ಕಾಲ ಬಂತು, ಬಳಿದುಕೊಂಡರೆ ಇನ್ನೂ ತಡೆಯಿರಿ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಿದರೆ ಬಿಳಿ ಕಲೆ ನಿಂತು ತಿಂಗಳುಗಟ್ಟಲೆ ಅಣಕಿಸುತ್ತದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ ‘ಹೊಳೀತಾ ಇದೆ ನೋಡಿ’ ಎನ್ನುವ ಎಣ್ಣೆ ಪಂಥದವರ ಹೊಳಪು ಮೊದಲ ಮಣ್ಣುರಸ್ತೆಯವರೆಗೆ ಮಾತ್ರ.

ಮಳೆ ಬಂದಾಗ ಹನಿಗಳು ಮುತ್ತು ಕಟ್ಟಿ ಉರುಳುವುದನ್ನು ಮೇಣ ಹಚ್ಚಿದವನು ಕಿಟಕಿಯಲ್ಲಿ ನಿಂತು ನೋಡುತ್ತಾನೆ, ಅದಕ್ಕೆ ಆಕ್ಷೇಪವಿಲ್ಲ. ಆದರೆ ಕೊಳವೆಬಾವಿ ನೀರಿನ ಮುತ್ತು ಬಿಸಿಲಿಗೆ ಆರಿದರೆ ಸುಣ್ಣವೆಲ್ಲ ಒಂದೇ ಚುಕ್ಕೆಯಲ್ಲಿ ಶೇಖರವಾಗಿ ಕಲೆ ಇನ್ನೂ ಗಾಢವಾಗುತ್ತದೆ. ಮುತ್ತು ಕಟ್ಟಿತು ಎಂದು ಒರೆಸುವುದನ್ನು ಬಿಡಕೂಡದು. ಒಂದು ಸಲದ ಮೇಣ ಒಂದೆರಡು ತಿಂಗಳು, ಆಷಾಢ-ಶ್ರಾವಣದಲ್ಲಿ ಅದಕ್ಕಿಂತ ಕಡಿಮೆ.

ಕೊನೆಗೆ ಬಟ್ಟೆಗಳ ಸೇವಾ ನಿಯಮ. ಮೈಕ್ರೋಫೈಬರ್ ಬಟ್ಟೆಗೆ ಬಡ್ತಿ ಇಲ್ಲ, ಹಿಂಬಡ್ತಿ ಮಾತ್ರ. ಹೊಸದು ಮೇಣ ಒರೆಸಲು ನೇಮಕವಾಗುತ್ತದೆ. ಹಳತಾದ ಮೇಲೆ ಬಾಗಿಲ ಸಂದಿಗೆ, ಆಮೇಲೆ ಚಕ್ರಕ್ಕೆ, ಆಮೇಲೆ ಎಂಜಿನ್ ಕೋಣೆಗೆ. ಸೇವಾವಧಿಯಲ್ಲಿ ಒಮ್ಮೆ ನೆಲಕ್ಕೆ ಬಿದ್ದರೂ ವಿಚಾರಣೆಯಿಲ್ಲದೆ ನೇರ ಚಕ್ರದ ವಿಭಾಗಕ್ಕೆ ವರ್ಗ. ಒಗೆಯುವಾಗ ಹತ್ತಿ ಬಟ್ಟೆಯ ಜೊತೆ ಹಾಕಿದರೆ ನಾರೆಲ್ಲ ಹಿಡಿದುಕೊಳ್ಳುತ್ತದೆ, ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಫರ್ಟ್‌ನಂಥ ದ್ರವ ಬಿದ್ದರೆ ನೀರು ಹೀರುವ ಗುಣವೇ ಹೋಗುತ್ತದೆ. ಇಷ್ಟೆಲ್ಲ ಕಾಪಾಡಿದ ಬಟ್ಟೆಯೊಂದು ಒಂದು ದಿನ ಅಡುಗೆಮನೆಯ ಕಟ್ಟೆಯ ಮೇಲೆ, ಸಾರು ಚೆಲ್ಲಿದ್ದನ್ನು ಹೀರುತ್ತಾ ಪತ್ತೆಯಾಗುತ್ತದೆ. “ಎಷ್ಟು ಚೆನ್ನಾಗಿ ಒರಸತ್ತೆ ರೀ ಇದು, ಇನ್ನೆರಡು ಇದ್ರೆ ಕೊಡಿ” ಎಂಬ ಬೇಡಿಕೆಯೂ ಬರುತ್ತದೆ. ಕೊಡಬೇಕು. ಒಗ್ಗರಣೆಯ ಎಣ್ಣೆ ಕುಡಿದ ಬಟ್ಟೆಯನ್ನು ಮಾತ್ರ ಮರಳಿ ಬಾನೆಟ್ ಸೇವೆಗೆ ತೆಗೆದುಕೊಳ್ಳುವಂತಿಲ್ಲ.